ಅಜ್ಜನ ಪಾರ್ಟಿನ ಪುಸ್ತಕ

ನಮ್ಮಜ್ಜ ಬಿಟ್ಟು ಹೋದ ನಾಟಕದ ಪುಸ್ತಕದಲ್ಲಿ ಅರ್ಧ ಮಾತು ಮಾತ್ರ ಇದೆ. ಅರ್ಧ ಎಂದೆ, ಅಷ್ಟೂ ಇಲ್ಲ. ಮೊದಲಿನ ಹತ್ತು ಹದಿನೈದು ಹಾಳೆ ಗೆದ್ದಲು ತಿಂದಿದೆ. ಉಳಿದಿದ್ದನ್ನು ನಾನು ಐವತ್ತು ವರ್ಷ ಓದಿದ್ದೇನೆ, ತಪ್ಪಾಗಿ ಓದಿದ್ದೇನೆ. ಅದನ್ನು ಒಪ್ಪಿಕೊಂಡೇ ಬರೆಯಲು ಕೂತಿದ್ದೇನೆ. ಬರೆಯುವುದು ನನ್ನ ಕಸುಬಲ್ಲ. ಮಂಡಿ ನೋವಿಗೆ ಕೂತೇ ಇರಿ ಎಂದು ಡಾಕ್ಟರು ಹೇಳಿದ್ದಾರೆ, ಕೈ ಸುಮ್ಮನಿರುವುದಿಲ್ಲ, ಅದಕ್ಕೆ.

ಪುಸ್ತಕದಲ್ಲಿ ಅರ್ಧ ಮಾತೇ ಯಾಕೆ ಎಂಬುದನ್ನು ಮೊದಲು ಹೇಳಬೇಕು. ಎರಡು ದೊಡ್ಡ ಯುದ್ಧಗಳ ನಡುವಿನ ಕಾಲದಲ್ಲಿ ಅಜ್ಜ ಒಂದು ನಾಟಕ ಕಂಪನಿಯಲ್ಲಿದ್ದರು. ಆ ಕಂಪನಿಯಲ್ಲಿ ಯಾವ ನಟನ ಕೈಗೂ ಇಡೀ ನಾಟಕ ಕೊಡುತ್ತಿರಲಿಲ್ಲವಂತೆ. ಕೊಟ್ಟರೆ ಅವನು ನಾಳೆ ಅದನ್ನು ಬಗಲಲ್ಲಿಟ್ಟುಕೊಂಡು ಎದುರು ಕಂಪನಿ ಸೇರಿದರೆ ಮಾಲೀಕರು ಏನು ಮಾಡಬೇಕು? ಅದಕ್ಕೆ ಒಬ್ಬೊಬ್ಬರಿಗೆ ಅವರವರ ಪಾರ್ಟು ಮಾತ್ರ. ಎದುರಿನವನು ಎಷ್ಟೇ ಉದ್ದ ಮಾತಾಡಲಿ, ಅವನ ಕೊನೆಯ ಎರಡು ಮೂರು ಶಬ್ದ ಬರೆದುಕೊಳ್ಳುವುದು, ಅದರ ಕೆಳಗೆ ತನ್ನ ಮಾತು ಬರೆದುಕೊಳ್ಳುವುದು. ಆ ಶಬ್ದ ಕಿವಿಗೆ ಬಿದ್ದ ಕೂಡಲೇ ಬಾಯಿ ತೆರೆಯಬೇಕು. ಅಜ್ಜ ಅದನ್ನು ‘ಬಾಲ’ ಅನ್ನುತ್ತಿದ್ದರು. ಎಮ್ಮೆ ಬಾಲ ಹಿಡಿದವನು ಹೊಳೆ ದಾಟುತ್ತಾನೆ, ಎಮ್ಮೆಯ ಮುಖ ಯಾಕೆ ನೋಡಬೇಕು ಎಂಬುದು ಅವರ ಮಾತು.

ನಮ್ಮದು ಉಡುತಡಿ. ಕುರಿ ಸಾಕುವ ಮನೆತನ. ಅಜ್ಜನ ಅಪ್ಪ ಮೊದಲ ಯುದ್ಧದ ಬೆನ್ನಿಗೇ ಬಂದ ಜ್ವರದಲ್ಲಿ ತೀರಿಕೊಂಡರಂತೆ. ಅದಾದ ಒಂದೆರಡು ವರ್ಷಕ್ಕೆ ಶಿಕಾರಿಪುರದಲ್ಲಿ ಕಂಪನಿ ಬಂದು ತಗಡಿನ ಥಿಯೇಟರು ಕಟ್ಟಿತು. ಚಳಿಗಾಲ. ಅಜ್ಜ ಕಂಪನಿಯವರಿಗೆ ಕಂಬಳಿ ಮಾರಲು ಹೋದರು. ಕಂಬಳಿ ಮಾರಿ, ಆಟ ನೋಡಿ, ಮರುದಿನ ಅಲ್ಲೇ ಕೂತು ಆ ಹಾಡುಗಳನ್ನು ತಿರುಗಿಸಿ ಹಾಡಿ ತೋರಿಸಿದರಂತೆ. ಕ್ಯಾಂಪು ಮುಗಿದು ಕಂಪನಿ ಸೊರಬಕ್ಕೆ ಗಾಡಿ ಕಟ್ಟಿದಾಗ ಅಜ್ಜ ಪರದೆಗಳ ಗಾಡಿಯ ಮೇಲೆ ಕೂತು ಹೋದವರು, ಮನೆಗೆ ಹೇಳಿ ಕಳಿಸಿದ್ದು ಸೊರಬ ಮುಟ್ಟಿದ ಮೇಲೆ.

ಆಮೇಲೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಅದೇ. ಸೊರಬ, ಸಾಗರ, ಹಾನಗಲ್ಲು, ಹಾವೇರಿ, ರಾಣೆಬೆನ್ನೂರು, ಮತ್ತೆ ಶಿಕಾರಿಪುರ. ಮಳೆಗಾಲದಲ್ಲಿ ಆಟ ಇಲ್ಲ. ಯಾವುದೋ ಊರಿನ ಛತ್ರದಲ್ಲಿ ಬಿದ್ದುಕೊಂಡು ಒದ್ದೆ ಪರದೆಗಳನ್ನು ಒಣಗಿಸುವುದೇ ಕೆಲಸ. ನಡುವೆ ಮದುವೆಯಾಯಿತು. ದೀಪಾವಳಿಗೆ ನಾಲ್ಕು ದಿನ ಊರಿಗೆ ಬರುತ್ತಿದ್ದರು. ಹೆಣ್ಣಿನ ಪಾರ್ಟಾದ್ದರಿಂದ ಕಿವಿಗೆ ಓಲೆ, ಬೆನ್ನ ಮೇಲೆ ಕೂದಲು. ಅಜ್ಜಿ ನನ್ನ ಹತ್ತಿರ ಹೇಳುತ್ತಿದ್ದದ್ದು ಇಷ್ಟೇ: “ಮದುವ್ಯಾದಾಗ ನನ್ನ ಕೂದ್ಲಿಗಿಂತ ನಿಮ್ಮಜ್ಜಂದೇ ಉದ್ದ ಇತ್ತು. ಎಣ್ಣಿ ಅರ್ಧ ಅವರಿಗೇ ಹೋಗೋದು.” ಮಾತಾಡುವ ಸಿನಿಮಾ ಬಂದ ಮೇಲೆ ಜನ ಕಡಿಮೆಯಾದರು. ಎರಡನೇ ಯುದ್ಧದಲ್ಲಿ ದೀಪಕ್ಕೆ ಸೀಮೆಎಣ್ಣೆ ಸಿಗದೆ ಕಂಪನಿ ಪೂರಾ ನಿಂತುಹೋಯಿತು. ಅಜ್ಜ ಹಿತ್ತಲಲ್ಲಿ ಕೂತು ಕೂದಲು ಕತ್ತರಿಸಿಕೊಂಡು, ಕುರಿಗಳ ಹಿಂದೆ ಹೋದರು.

ನಾನು ನೋಡಿದ್ದು ಆ ಮುದುಕನನ್ನು. ಕುರಿಗೆ ಕೂಗು ಹಾಕುತ್ತಿರಲಿಲ್ಲ. ಗಂಟಲು ಕೆಡುತ್ತದೆ ಎಂದು ಕೋಲಿನಿಂದ ನೆಲ ಬಡಿಯುತ್ತಿದ್ದರು. ಹಾಡಿಲ್ಲ, ಆಟವಿಲ್ಲ, ಯಾರಿಗಾಗಿ ಆ ಗಂಟಲು ಉಳಿಸಿಕೊಂಡಿದ್ದರೋ. ಎರಡೂ ಅಂಗೈಗೆ ಅಡ್ಡಲಾಗಿ ಒಂದು ಗೆರೆ, ಬೆರಳಿನ ದಪ್ಪ, ಕಲ್ಲಿನ ಹಾಗೆ ಗಟ್ಟಿ. ನನ್ನ ತಲೆ ಸವರಿದರೆ ಆ ಗೆರೆ ಮಾತ್ರ ತಾಗುತ್ತಿತ್ತು. ಬಾವಿ ಹಗ್ಗದ ಗುರುತು ಎಂದುಕೊಂಡಿದ್ದೆ.

ಊರಲ್ಲಿ ನಮ್ಮ ಮನೆಗೆ ರಾಣಿ ಮನೆ ಎಂದು ಹೆಸರು. ಮೊದಲು ಚೇಷ್ಟೆಗೆ ಕರೆದದ್ದು. ಆಮೇಲೆ ಪಹಣಿಗೆ ಅರ್ಜಿ ಕೊಡಲು ಹೋದಾಗಲೂ “ಅದೇ ರೀ, ರಾಣಿ ಮನೆಯೋರು” ಎಂದರೆ ಸಾಕು, ಗುರುತು ಸಿಗುತ್ತಿತ್ತು. ಅಜ್ಜ ಕಂಪನಿಯಲ್ಲಿ ರಾಣಿ ಪಾರ್ಟು ಮಾಡುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಪುಸ್ತಕದಲ್ಲೂ ಹಾಗೇ ಇತ್ತಲ್ಲ. ಉಳಿದ ಹಾಳೆಗಳಲ್ಲಿ ನಾಲ್ಕು ಸಲ “ನಾನೇ ರಾಣಿ” ಎಂದು ಅಜ್ಜನ ಅಕ್ಷರದಲ್ಲೇ ಇದೆ.

ಒಮ್ಮೆ ನಾನೇ ಕೇಳಿದ್ದೆ. “ಅಜ್ಜಾ, ನೀನು ರಾಣಿ ಅಲ್ಲೇನು ಕಂಪ್ನಿಯಾಗೆ?”

ಅಜ್ಜ ಕುರಿಯ ಗೊರಸಿನಲ್ಲಿ ಸಿಕ್ಕ ಮುಳ್ಳು ಕೀಳುತ್ತಿದ್ದರು. “ರಾಣಿ ಅಂದ್ರೆ ಏನಂತ ತಿಳ್ಕಂಡಿ? ಬಿಸಿಲಾಗೆ ಗಾಡಿ ಹಿಂದೆ ನಡಿಯೋದು ಎಲ್ಲಾರೂ ನಡಿತಿದ್ವಿ. ಕಾಲು ಹಿಡಕೊ, ಒದೀತೈತೆ.”

ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ದೊಡ್ಡವರು ತಮ್ಮ ದೊಡ್ಡಸ್ತಿಕೆ ತಾವೇ ಹೇಳಿಕೊಳ್ಳುವುದಿಲ್ಲ ಎಂದು ನಾವು ತಿಳಿದುಕೊಂಡೆವು.

ನಾನು ಶಾಲೆ ಬಿಟ್ಟಿದ್ದು ನಾಲ್ಕನೇ ಇಯತ್ತೆಗೆ. ಕುರಿ ಕಾಯಲು ಆಳಿರಲಿಲ್ಲ. ಓದು ನಿಂತಿತು ಎಂದು ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಅಜ್ಜ ಸತ್ತ ಮೇಲೆ ಆ ಪುಸ್ತಕ ನನ್ನ ಕೈಗೆ ಬಂತು. ಕುರಿ ಮೇಯಿಸುತ್ತ ಗಟ್ಟಿಯಾಗಿ ಓದಿ ಓದಿ ನನಗೆ ಓದು ಬಂದದ್ದು ಅದರಿಂದಲೇ. ಅಂಬ್ಲಿಗೊಳದ ನಾಲೆ ನೀರು ಸಿಕ್ಕ ಮೇಲೆ ಕುರಿ ಕಡಿಮೆ ಮಾಡಿ ಭತ್ತ ಹಾಕಿದೆವು. ಹಗಲು ಗದ್ದೆ, ಸಂಜೆ ನಾಟಕದ ತಾಲೀಮು. ಶಿಕಾರಿಪುರ, ಸೊರಬ ಎರಡೂ ತಾಲೂಕಿನಲ್ಲಿ ನಾನು ನಾಟಕ ಕಲಿಸದ ಊರು ಕಡಿಮೆ. ನಲವತ್ತು ವರ್ಷ ಕಲಿಸಿದ್ದೇನೆ. ರಾಜನ ಪಾರ್ಟು ನನ್ನದೇ. ಕುಡಿದು ಸ್ಟೇಜು ಹತ್ತಿದವನಲ್ಲ, ಮಾತು ಮರೆತವನಲ್ಲ, ಹೇಳಿಕೊಡುವವನ ಕಡೆ ತಿರುಗಿ ನೋಡಿದವನಲ್ಲ. ಜಂಬವೆಂದರೆ ಜಂಬ. ದುಡಿದವನಿಗೆ ಅಷ್ಟಾದರೂ ಇರಲಿ.

ಈಗ ಸುಸ್ತಾಗಿದೆ. ಹುಡುಗರು ಮಾತನ್ನು ಮೊಬೈಲಿನಲ್ಲಿ ಬರೆದುಕೊಂಡು ಬರುತ್ತಾರೆ, ತಾಲೀಮಿನ ನಡುವೆ ಫೋನು ಬಂದರೆ ರಾಜನ ಆಸ್ಥಾನವೇ ಎದ್ದು ಹೊರಗೆ ಹೋಗುತ್ತದೆ. ಅವರನ್ನು ಬೈದು ಬೈದು ನನಗೇ ಬೇಸರ ಬಂತು. ಮಂಡಿ ಪೂರಾ ಕೈಕೊಡುವ ಮೊದಲು ಒಂದು ಕೆಲಸ ಮುಗಿಸಬೇಕು ಎನ್ನಿಸಿತು. ಅಜ್ಜನ ನಾಟಕವನ್ನು ಅಜ್ಜನ ಹೆಸರಿನಲ್ಲಿ ನಮ್ಮೂರಲ್ಲಿ ಆಡಿಸುವುದು. ಅಷ್ಟು ಮಾಡಿ ಬಣ್ಣದ ಪೆಟ್ಟಿಗೆ ಮುಚ್ಚುವುದು.

ಆದರೆ ಕೈಯಲ್ಲಿರುವುದು ಅರ್ಧ ಮಾತು. ಇನ್ನರ್ಧ ನಾನೇ ಹೆಣೆಯಬೇಕು. ಮೂರು ಬೇಸಿಗೆ ಕೂತು ಹೆಣೆದೆ. ಉಳಿದ ಮೊದಲ ಹಾಳೆಯ ತಲೆಯಲ್ಲಿ ಒಂದು ಬಾಲ ಇದೆ: “ಯಾರಿಗೂ ಗೊತ್ತಾಗದು.” ಅದರ ಕೆಳಗೆ ಅಜ್ಜನ ಮಾತು: “ಬಳೆ ನನ್ನ ಕೈಗೆ ಸಡಿಲ. ಬೀಳದ ಹಾಗೆ ಹಿಡಿದಿರುತ್ತೇನೆ.” ರಾಣಿಯ ಬಳೆ ರಾಣಿಯ ಕೈಗೆ ಯಾಕೆ ಸಡಿಲವಾಯಿತು? ನಾನು ಯೋಚನೆ ಮಾಡಿದೆ. ಕೊರಗಿ ಸೊರಗಿದ್ದಾಳೆ. ಯಾಕೆ ಸೊರಗಿದಳು? ರಾಜನನ್ನು ಅಗಲಿದ್ದಾಳೆ. ಹಾಗಾದರೆ ರಾಜ ಬೇಕು. ರಾಜನನ್ನು ಬರೆದೆ. ಅವನಿಗೆ ಒಂದು ಯುದ್ಧ, ಒಂದು ಬೇಟೆ, ಅಗಲಿಕೆಯ ಎರಡು ಹಾಡು ಬರೆದೆ. ಆ ಪಾರ್ಟು ನನಗೇ ಎಂದು ಗೊತ್ತಿದ್ದೇ ಬರೆದದ್ದು, ಉದ್ದವಾಯಿತು.

ಇನ್ನೊಂದು ತೊಡಕಿತ್ತು. ಪುಸ್ತಕದ ಮುಕ್ಕಾಲಿಗೆ ವೈರಿಗಳ ಸೇನಾಪತಿ ಬಂದಾಗ ರಾಣಿ “ನಾನೇ ರಾಣಿ. ನಡೆಯಿರಿ, ನಿಮ್ಮ ಒಡೆಯ ಕಾಯುತ್ತಿರಬಹುದು” ಎನ್ನುತ್ತಾಳೆ. ಅದರ ಕೆಳಗೆ ಒಂದು ಗೆರೆ ಎಳೆದಿದೆ. ಆಮೇಲೆ ಖಾಲಿ ಹಾಳೆಗಳು. ಗೆದ್ದಲು ತಿಂದದ್ದಲ್ಲ, ಖಾಲಿ. ನಾಟಕದ ರಾಣಿ ಕೊನೆಯ ಅಂಕದಲ್ಲಿ ಬಾಯಿಯೇ ಬಿಡುವುದಿಲ್ಲವೇ? ಅಜ್ಜನಿಗೆ ಬರೆದುಕೊಳ್ಳಲು ಪುರಸೊತ್ತಾಗಿರಲಿಕ್ಕಿಲ್ಲ ಎಂದುಕೊಂಡು ಅದನ್ನೂ ನಾನೇ ಬರೆದೆ.

ಪಾಂಪ್ಲೆಟು ಅಚ್ಚಾಯಿತು. ಅಜ್ಜಿ ಹೇಳಿದ್ದ ನಾಟಕದ ಹೆಸರು, ಕಂಪನಿಯ ಹೆಸರು, ಕೆಳಗೆ “ಉಡುತಡಿಯ ರಾಣಿಯೆಂದೇ ಮನೆಮಾತಾಗಿದ್ದ” ಎಂದು ಅಜ್ಜನ ಹೆಸರು, ಅದರ ಕೆಳಗೆ ರಾಜನ ಪಾತ್ರದಲ್ಲಿ ಮೊಮ್ಮಗ. ಹಾವೇರಿ ಕಡೆಯಿಂದ ಇಬ್ಬರು ಅಕ್ಕತಂಗಿ ಕಲಾವಿದೆಯರನ್ನು ಗೊತ್ತು ಮಾಡಿದ್ದೆ. ಅಕ್ಕ ರಾಣಿ, ತಂಗಿ ನಾನು ಸೇರಿಸಿದ ಒಂದು ಕುಣಿತಕ್ಕೆ. ಆಟಕ್ಕೆ ಇಪ್ಪತ್ತೆರಡು ದಿನ ಇತ್ತು.

ಆಗ ಹೊಸಬಾಳೆಯಿಂದ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

“ನಿಮ್ಮ ಪಾಂಪ್ಲೆಟು ನಮ್ಮನೆ ಮೊಬೈಲಿಗೆ ಬಂದಿತ್ತು. ನಮ್ಮಪ್ಪಯ್ಯನೂ ಅದೇ ಕಂಪನಿ. ಆ ನಾಟಕದ್ದು ಅವರ ಪುಸ್ತಕ ನನ್ನ ಹತ್ರ ಇದೆ. ಬೇಕಿದ್ರೆ ಬಂದು ನೋಡಿ. ಕೊಡೋದಿಲ್ಲ ಮತ್ತೆ, ನೋಡಿ ಅಷ್ಟೇ.”

ನನಗಾದ ಸಂತೋಷ ಹೇಳತೀರದು. ಇನ್ನರ್ಧ ಮಾತು ಇನ್ನೂ ಭೂಮಿಯ ಮೇಲೆ ಉಳಿದಿದೆ ಎಂದಾಯಿತು. ಮರುದಿನ ಶಿರಾಳಕೊಪ್ಪದಲ್ಲಿ ಬಸ್ಸು ಹಿಡಿದು ಹೊರಟೆ. ಅಜ್ಜನ ಪುಸ್ತಕವನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಆಕೆಗೆ ಎಂಬತ್ತರ ಹತ್ತಿರ. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ಬಿಳಿ ಅಂಗಿ ಪಂಚೆ ನೋಡಿ, “ರಾಜರು ಬಸ್ಸಲ್ಲೇ ಬಂದ್ರಾ?” ಎಂದರು. ಪಾಂಪ್ಲೆಟಿನಲ್ಲಿ ನನ್ನ ಫೋಟೋ ಕಿರೀಟದ ಸಮೇತ ಇತ್ತು.

“ಕುದುರೆಗೆ ಮಂಡಿ ನೋವ್ರಿ,” ಎಂದೆ.

“ಕೂರಿ ಮಾರಾಯ್ರೆ. ಕಾಫಿ ಕುಡಿದು ನೋಡುವಾ.”

ಪುಸ್ತಕ ತಂದರು. ಬಟ್ಟೆಯ ಅಟ್ಟೆ, ಒಂದು ಹಾಳೆಯೂ ಹೋಗಿಲ್ಲ. ಅವರ ಅಪ್ಪನ ಅಕ್ಷರ ಮುತ್ತಿನ ಹಾಗೆ. ನಾನು ರಾಜನ ಪಾರ್ಟು ಇರಬಹುದು, ಸೇನಾಪತಿ ಇರಬಹುದು ಎಂದು ಅಂದಾಜು ಹಾಕಿಕೊಂಡಿದ್ದೆ. ಯಾವ ಪಾರ್ಟು ಎಂದು ಕೇಳಿದೆ. ಆಕೆ ಕನ್ನಡಕ ಹುಡುಕುತ್ತ, “ಓದ್ತೀನಿ, ಕೇಳಿ. ಬೇಕಾದಲ್ಲಿ ನಿಲ್ಸಿ,” ಎಂದರು.

ಅವರ ಓದು ಚೆನ್ನಾಗಿತ್ತು, ಅಪ್ಪನ ಬಾಯಿಂದಲೇ ಕೇಳಿ ಕಲಿತಿರಬೇಕು. ಮೊದಲನೇ ಅಂಕದ ಮಾತೆಲ್ಲ ನನಗೆ ಹೊಸದು. ಊರು ಮುತ್ತಿದ್ದಾರೆ, ಕೋಟೆಯಲ್ಲಿ ಅನ್ನವಿಲ್ಲ, ಒಬ್ಬ ಹೆಂಗಸು ಇನ್ನೊಬ್ಬಳ ಹತ್ತಿರ ಮಾತಾಡುತ್ತಿದ್ದಾಳೆ. ನಾನು ತಲೆಯಾಡಿಸುತ್ತ ಕೇಳುತ್ತಿದ್ದೆ. ಎರಡನೇ ಅಂಕದ ಆರಂಭಕ್ಕೆ ಬಂದರು.

“ಈ ಸೀರೆ, ಈ ಕಿರೀಟ, ಈ ಬಳೆ. ನಿನ್ನ ಮೈ ನನ್ನ ಮೈಯೇ ಅಲ್ಲವೇ ಸಖಿ. ಹಾಕಿಕೋ. ಸೆರಗು ಮುಂದಕ್ಕೆ ಎಳೆದುಕೋ, ಯಾರಿಗೂ ಗೊತ್ತಾಗದು.”

ಅಲ್ಲಿ ಆಕೆ ನಿಂತರು. ನನ್ನ ಪುಸ್ತಕ ಇನ್ನೂ ಪಂಚೆಯೊಳಗೇ ಇತ್ತು. ಬಾಯಿ ತನ್ನಷ್ಟಕ್ಕೆ ತೆರೆಯಿತು. ಐವತ್ತು ವರ್ಷದ ಅಭ್ಯಾಸ, ಬಾಲ ಕಿವಿಗೆ ಬಿದ್ದರೆ ಮಾತು ಬರಲೇಬೇಕು.

“ಬಳೆ ನನ್ನ ಕೈಗೆ ಸಡಿಲ. ಬೀಳದ ಹಾಗೆ ಹಿಡಿದಿರುತ್ತೇನೆ.”

ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅವರ ಪುಸ್ತಕದಲ್ಲಿ ಮುಂದಿನ ಬಾಲವಾಗಿ ಅದೇ ಇತ್ತು: “ಬೀಳದ ಹಾಗೆ ಹಿಡಿದಿರುತ್ತೇನೆ.”

ಕೊರಗಿ ಸೊರಗಿದ್ದಲ್ಲ. ಬಳೆ ಅವಳದ್ದಲ್ಲ. ರಾಣಿಯ ಬಳೆಯನ್ನು ಸಖಿ ಹಾಕಿಕೊಂಡಿದ್ದಾಳೆ, ರಾಣಿಯನ್ನು ಉಳಿಸಲು ರಾಣಿಯ ವೇಷದಲ್ಲಿ ವೈರಿಗಳ ಎದುರು ಹೋಗುತ್ತಿದ್ದಾಳೆ. ಅದಕ್ಕೇ ನಾಲ್ಕು ಸಲ “ನಾನೇ ರಾಣಿ” ಎನ್ನುತ್ತಾಳೆ. ನಿಜವಾದ ರಾಣಿಗೆ ಅದನ್ನು ನಾಲ್ಕು ಸಲ ಹೇಳುವ ಅಗತ್ಯ ಏನಿತ್ತು? ನನಗೆ ಅದು ಐವತ್ತು ವರ್ಷದಲ್ಲಿ ಹೊಳೆಯಲಿಲ್ಲ. ಗೆರೆ ಎಳೆದಲ್ಲಿಗೆ ಅವಳನ್ನು ಕರೆದುಕೊಂಡು ಹೋಗಿ ಕೊಲ್ಲುತ್ತಾರೆ, ಅಲ್ಲಿಗೆ ಅಜ್ಜನ ಪಾರ್ಟು ಮುಗಿಯಿತು. ಖಾಲಿ ಹಾಳೆ ಖಾಲಿಯೇ.

ರಾಣಿ ಆಕೆಯ ಅಪ್ಪ.

ಕಾಫಿ ತಣ್ಣಗಾಗಿತ್ತು. ಆಕೆ ಚೇಷ್ಟೆಯಲ್ಲೇ ಅಂದರು, ಚುಚ್ಚಬೇಕೆಂದು ಅಂದದ್ದಲ್ಲ: “ಹಂಗಾರೆ ನಿಮ್ಮಜ್ಜ ನಮ್ಮಪ್ಪಯ್ಯಂಗೆ ಸೀರೆ ನೆರಿಗೆ ಹಿಡೀತಿದ್ದವರು.”

“ಹಂಗೇ ಕಾಣ್ತೈತ್ರಿ,” ಎಂದೆ.

“ಬೇಜಾರು ಮಾಡ್ಕೋಬೇಡಿ.”

“ಬೇಜಾರಲ್ರಿ. ಪಾಂಪ್ಲೆಟು ಎರಡು ತಾಲೂಕಿಗೂ ಹಂಚಾಗೈತೆ.”

ಆಕೆ ಹುಣಸೆಬೀಜದ ಮೊರ ಪಕ್ಕಕ್ಕೆ ಸರಿಸಿದರು. ಆಮೇಲೆ, “ಆ ಸಖಿ ಪಾರ್ಟಿನವರೇ ಏನು, ಪರದೆ ಎಳೀತಿದ್ದವರು?” ಎಂದು ಕೇಳಿದರು.

ಯಾವ ಪರದೆ ಎಂದೆ.

“ಅಪ್ಪಯ್ಯ ಹೇಳ್ತಿದ್ರು. ಯಾರ ಪಾರ್ಟು ಬೇಗ ಮುಗೀತದೋ ಅವರು ಕೂತು ಬೀಡಿ ಸೇದೋ ಹಂಗಿರಲಿಲ್ಲ, ಹಗ್ಗಕ್ಕೆ ಹೋಗ್ಬೇಕಿತ್ತಂತೆ. ಉಡುತಡಿ ಕಡೆಯವನೊಬ್ಬ ಸೀರೆ ಬಿಚ್ಚದೆ ಹಂಗೇ ಹಗ್ಗ ಹಿಡೀತಿದ್ದನಂತೆ. ಹೆಸರು ಹೇಳ್ತಿರಲಿಲ್ಲ, ಉಡುತಡಿಯವ ಅಂತಿದ್ರು. ಇಲ್ಲಿ ನೋಡಿ.”

ಪುಸ್ತಕದ ಕೊನೆಯ ಹಾಳೆ ತೋರಿಸಿದರು. ಸಖಿ ಸತ್ತ ಸುದ್ದಿ ಬಂದ ಮೇಲೆ ರಾಣಿ ಒಬ್ಬಳೇ ನಿಂತು ಆಡುವ ಮಾತು. ಅದರ ಕೊನೆಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: “ಇಲ್ಲಿ ಅವನ ಕಡೆ ನೋಡುವುದು.”

“ಮಾತು ಮುಗಿಸಿ ಅಪ್ಪಯ್ಯ ಪಕ್ಕಕ್ಕೆ ನೋಡ್ತಿದ್ರಂತೆ. ಕಣ್ಣೀರು ಗಲ್ಲಕ್ಕೆ ಬರೋ ತನಕ ಉಡುತಡಿಯವ ಹಗ್ಗ ಬಿಡ್ತಿರಲಿಲ್ಲ. ಬಂದ ಮೇಲೆ ಒಂದು ಗಳಿಗೆ ತಡೀತಿರಲಿಲ್ಲ, ಬಿಟ್ಟು ಪರದೆ ಬೀಳಿಸ್ತಿದ್ದ. ಬೇರೆ ಯಾರಾದ್ರೂ ಹಗ್ಗ ಹಿಡಿದ್ರೆ ಅಪ್ಪಯ್ಯಂಗೆ ಅಳೂನೇ ಬರ್ತಿರಲಿಲ್ಲಂತೆ.”

ನನಗೆ ಅಂಗೈಯ ಗೆರೆ ನೆನಪಾಯಿತು. ನಮ್ಮ ಮನೆಗೆ ಬಾವಿಯೇ ಇರಲಿಲ್ಲ. ಕೆರೆಯಿಂದ ಹೊತ್ತು ತರುತ್ತಿದ್ದೆವು.

ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದೆ, ನಿದ್ದೆ ಬರಲಿಲ್ಲ. ಅಜ್ಜ ರಾಣಿಯಲ್ಲ ಎಂಬುದಕ್ಕಿಂತ ಹೆಚ್ಚಾಗಿ, ನಾನು ನಲವತ್ತು ವರ್ಷ ಕಂಡ ಕಂಡ ಸ್ಟೇಜಿನ ಮೇಲೆ “ರಾಣಿಯ ಮೊಮ್ಮಗ” ಎಂದು ಮೈಕಿನಲ್ಲಿ ಕೂಗಿಸಿಕೊಂಡದ್ದು ಕಾಡಿತು. ಅದನ್ನು ಯಾವ ಬಾಯಲ್ಲಿ ವಾಪಸು ತೆಗೆದುಕೊಳ್ಳುವುದು? ತೆಗೆದುಕೊಳ್ಳದೆ ಹಾಗೇ ಆಡಿಸಿದರೆ, ಹೊಸಬಾಳೆಯ ಆಕೆ ಬಾಯಿ ಬಿಡುವವರಲ್ಲ. ಅದೂ ಗೊತ್ತಿತ್ತು. ಅದೇ ಕಷ್ಟ.

ತಮ್ಮನಿಗೆ ಹೇಳಿದೆ. ಅವನು ಟ್ರಾಕ್ಟರಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ. ಕಾಲು ಮಾತ್ರ ಕಾಣುತ್ತಿತ್ತು.

“ಈಗ ಯಾರಿಗೆ ಗೊತ್ತಾಗ್ತೈತೆ ಬಿಡಣ.”

“ಯಾರಿಗೂ ಗೊತ್ತಾಗದು. ನಾಟಕದಾಗೂ ಅದೇ ಮಾತೈತೆ.”

“ಮತ್ತಿನ್ನೇನು? ಊರೋರು ಕರೀತಾರೆ, ನಾವೇನು ಬರಕೊಂಡಿದ್ವೇನು ರಾಣಿ ಮನೆ ಅಂತ?”

“ಪಾಂಪ್ಲೆಟಿನಾಗೆ ಬರಸಿದ್ದು ನಾನು.”

ಟ್ರಾಕ್ಟರಿನ ಕೆಳಗಿನಿಂದ ಒಂದು ಕೈ ಹೊರಗೆ ಬಂತು. “ನಾಳೆ ನಮ್ಮನ್ನ ಸಖಿ ಮನೆಯೋರು ಅಂತ ಕರಿಯಾಕೆ ಶುರು ಮಾಡಿದ್ರೆ ನಾನು ಸಂತಿಗೆ ಹೋಗಂಗಿಲ್ಲ. ಪಾನಾ ಕೊಡು ಇಲ್ಲಿ, ಹದಿನಾಕರದ್ದು.”

ಕೊಟ್ಟೆ. ಆ ದಿನ ಹೆಂಡತಿಯ ಹತ್ತಿರವೂ ಮಾತಾಡಲಿಲ್ಲ. ಎರಡು ದಿನ ಗದ್ದೆಯ ಬದುವಿನಲ್ಲೇ ಕಳೆದೆ. ಕೆಲಸವೇನೂ ಇರಲಿಲ್ಲ, ಇದ್ದ ಬದುವಿಗೆ ಮಣ್ಣು ಏರಿಸಿದೆ. ಮೂರನೇ ದಿನ ಬೆಳಿಗ್ಗೆ, ಚಹಾ ಕೊಡುತ್ತ ಹೆಂಡತಿಯೇ ಹೇಳಿದಳು: “ನೋಡ್ರಿ, ಮಾವನೋರಪ್ಪ ತಾನು ರಾಣಿ ಅಂತ ಒಂದು ದಿನ ಅಂದೋರಲ್ಲ. ನೀವು ಅವರ ಹೆಸರಿನಾಗೆ ಆಡಸ್ತೀರೋ, ನಿಮ್ಮ ಹೆಸರಿನಾಗೋ?” ತಮ್ಮ ಎಲ್ಲ ಹೇಳಿದ್ದ ಎಂದು ಕಾಣುತ್ತದೆ. ಚಹಾ ಕುಡಿದು ಎದ್ದೆ.

ಅದೇ ಮಧ್ಯಾಹ್ನ ರೈಸ್‌ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ತಾಲೀಮು. ಎಲ್ಲರನ್ನೂ ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಸಬಾಳೆಗೆ ಇನ್ನೆರಡು ಸಲ ಹೋಗಿ ಬರೆದುಕೊಂಡು ಬರುತ್ತೇನೆ, ನಾಟಕ ಅರ್ಧಕ್ಕರ್ಧ ಬದಲಾಗುತ್ತದೆ ಎಂದೆ. ಬೇಟೆ ಇಲ್ಲ, ಅಗಲಿಕೆಯ ಹಾಡಿಲ್ಲ. ಮುಖ್ಯವಾಗಿ ರಾಜನೇ ಇಲ್ಲ. ನಿಜವಾದ ನಾಟಕದಲ್ಲಿ ರಾಜ ದೂರದ ಯುದ್ಧಕ್ಕೆ ಹೋಗಿದ್ದಾನೆ, ಕೊನೆಯ ತನಕ ಬರುವುದೇ ಇಲ್ಲ. ನಾನು ಮೂರು ಬೇಸಿಗೆ ಬರೆದ ಪಾರ್ಟು ನನ್ನ ಬಾಯಿಂದಲೇ ಹೊಡೆದು ಹಾಕಿದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತೋ ಏನೋ. ಸೇನಾಪತಿ ಪಾರ್ಟಿನವನು ಮಾತ್ರ, “ನಮ್ಮ ಮಾತು ಕಮ್ಮಿ ಆಗ್ತಾವೇನ್ರಿ ಮೇಷ್ಟ್ರೆ?” ಎಂದು ಕೇಳಿದ. ಆಗುವುದಿಲ್ಲ ಎಂದೆ. ಅವನಿಗೆ ಅಷ್ಟೇ ಬೇಕಾಗಿತ್ತು.

ಹಾವೇರಿಯ ಅಕ್ಕನಿಗೆ ಎರಡೂ ಪಾರ್ಟು ಓದಿ ಹೇಳಿ, ರಾಣಿ ನಿಮಗೇ ಇರಲಿ ಎಂದೆ. ಆಕೆ ಇಪ್ಪತ್ತೈದು ವರ್ಷ ಊರೂರು ತಿರುಗಿ ಪಾರ್ಟು ಮಾಡಿದವರು. ಎಲೆ ಅಡಿಕೆ ಉಗುಳಿ ಬಂದು, “ನಂಗ ಸಖಿ ಕೊಡ್ರಿ,” ಎಂದರು. “ರಾಣಿಗೆ ಅಳೂದ ಬಿಟ್ರ ಏನೈತಿ? ಅದನ್ನ ತಂಗಿ ಮಾಡ್ತಾಳ. ಅಕಿಗೆ ಅಳೂ ಛಲೋ ಬರ್ತೈತಿ, ಮನ್ಯಾಗೂ ಅದ ಮಾಡ್ತಾಳ.” ತಂಗಿ ಸಿಟ್ಟಿನಿಂದ ತಿರುಗಿ ಕೂತಳು. ಆಗ ಶೆಡ್ಡಿನಲ್ಲಿ ಮೊದಲ ಸಲ ನಗು ಬಂತು.

ಪಾಂಪ್ಲೆಟು ಮತ್ತೆ ಅಚ್ಚಾಯಿತು. ರಾಣಿ ಎಂಬಲ್ಲಿ ಹೊಸಬಾಳೆಯ ಆಕೆಯ ಅಪ್ಪನ ಹೆಸರು, ಸಖಿ ಎಂಬಲ್ಲಿ ಅಜ್ಜನ ಹೆಸರು. ನನ್ನ ಹೆಸರು ಎಲ್ಲಿ ಹಾಕಲಿ ಎಂದು ಪ್ರೆಸ್ಸಿನವನು ಕೇಳಿದ. ಬೇಡ ಎಂದೆ. ಅವನು ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ ಬೇಡ ಎಂದೆ. ಕಿರೀಟದ ಫೋಟೋ ಅವನ ಮೇಜಿನ ಮೇಲೆಯೇ ಬಿಟ್ಟು ಬಂದೆ.

ಹಗ್ಗ ನಾನು ಹಿಡಿಯುತ್ತೇನೆ ಎಂದು ಯಾರಿಗೂ ಹೇಳಿರಲಿಲ್ಲ. ಈಗ ಬಾಡಿಗೆಗೆ ಬರುವ ಪರದೆಗಳು ಎರಡು ಪಕ್ಕಕ್ಕೆ ಸರಿಯುತ್ತವೆ. ನನಗೆ ಮೇಲಿನಿಂದ ಬೀಳುವ ಹಳೆಯ ಪರದೆಯೇ ಬೇಕೆಂದು ಹುಡುಕಿಸಿ ತರಿಸಿದೆ, ಕೆಳಗೆ ಬಿದಿರು ಗಳ ಕಟ್ಟಿದ್ದು. ಎಷ್ಟು ಭಾರ ಎಂಬುದು ಎತ್ತಿದಾಗಲೇ ಗೊತ್ತಾದದ್ದು. ಆಟಕ್ಕೆ ಮೊದಲಿನ ನಾಲ್ಕು ಮಧ್ಯಾಹ್ನ ಖಾಲಿ ಸ್ಟೇಜಿನಲ್ಲಿ ಒಬ್ಬನೇ ಎತ್ತಿ ಇಳಿಸಿ ಅಭ್ಯಾಸ ಮಾಡಿದೆ. ಭತ್ತದ ಮೂಟೆ ಹೊತ್ತ ಕೈ ಎಂಬ ಜಂಬವಿತ್ತು. ಎರಡನೇ ದಿನಕ್ಕೇ ಅಂಗೈ ಬೊಬ್ಬೆಯೆದ್ದಿತು. ಅಜ್ಜ ಇದನ್ನು ಆಟದಿಂದ ಆಟಕ್ಕೆ, ಊರಿಂದ ಊರಿಗೆ, ಇಪ್ಪತ್ತು ವರ್ಷ ಮಾಡಿದ್ದರು, ಸೀರೆಯಲ್ಲಿ.

ಆಟದ ದಿನ ಸಂಜೆ ಹೊಸಬಾಳೆಯ ಆಕೆಯನ್ನು ಅವರ ಮಗ ಕಾರಿನಲ್ಲಿ ಕರೆದುಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದೆ. ಶುರುವಿಗೆ ಮೊದಲು ಮೈಕು ಹಿಡಿದು ಮೂರು ಮಾತು ಹೇಳಿದೆ. ನಮ್ಮಜ್ಜ ಈ ನಾಟಕದಲ್ಲಿ ರಾಣಿ ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದದ್ದು ತಪ್ಪು. ಅವರು ಸಖಿ, ಸಖಿ ಸತ್ತ ಮೇಲೆ ಪರದೆ ಎಳೆಯುವವರು. ರಾಣಿ ಹೊಸಬಾಳೆಯವರು, ಅವರ ಮಗಳು ಇಲ್ಲಿ ಕೂತಿದ್ದಾರೆ. ಅಷ್ಟು ಹೇಳಿ ಮೈಕು ಕೊಟ್ಟೆ. ಹಿಂದಿನಿಂದ ಯಾರೋ “ಆತು ಬಿಡ್ರಿ, ನಾಟಕ ಹಾಕ್ರಿ” ಎಂದು ಕೂಗಿದರು. ನಾನು ಮೂರು ವಾರ ಒಳಗೊಳಗೇ ತಾಲೀಮು ಮಾಡಿದ್ದ ಮಾತು ಜನಕ್ಕೆ ಅಷ್ಟೇ.

ನಾಟಕ ಹೇಗಾಯಿತು ಎಂದು ನಾನು ಹೇಳಲಾರೆ, ಪಕ್ಕದಿಂದ ನೋಡಿದವನಿಗೆ ಅರ್ಧವೇ ಕಾಣುತ್ತದೆ. ಕೊನೆಯ ಮಾತಿಗೆ ತಂಗಿ ನಿಜಕ್ಕೂ ಚೆನ್ನಾಗಿ ಅತ್ತಳು. ಹೇಳಿಕೊಟ್ಟ ಹಾಗೆ ನನ್ನ ಕಡೆ ತಿರುಗಿ ನೋಡಿದಳು. ಕಣ್ಣೀರು ಇಳಿಯುವುದನ್ನು ಕಾಯುತ್ತ ಹಗ್ಗ ಹಿಡಿದು ನಿಂತಿದ್ದೆ. ಬಣ್ಣದ ಮೇಲೆ ದೀಪದ ಹೊಳಪು, ನನ್ನ ಕಣ್ಣೂ ಒದ್ದೆ, ಗಲ್ಲಕ್ಕೆ ಬಂತೋ ಇಲ್ಲವೋ ತಿಳಿಯಲಿಲ್ಲ. ಬಿಟ್ಟೆ.

ಮರುದಿನ ಬೆಳಿಗ್ಗೆ ಹೊಸಬಾಳೆಯ ಆಕೆಯ ಫೋನು ಬಂತು. ಊಟ ಚೆನ್ನಾಗಿತ್ತು, ಕುರ್ಚಿ ಗಟ್ಟಿಯಿತ್ತು, ಸಖಿ ಮಾಡಿದವಳು ಜಾಣೆ ಎಂದೆಲ್ಲ ಹೇಳಿದರು. ಕೊನೆಗೆ, “ಒಂದು ಮಾತು ಹೇಳ್ಲಾ?” ಎಂದರು.

“ಹೇಳ್ರಿ.”

“ಪರದೆ ತಡ ಆಯ್ತು.”

ಬಲಗೈಗೆ ಹೆಂಡತಿ ಅರಿಶಿನ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದ್ದಳು. ಫೋನನ್ನು ಎಡಗೈಯಲ್ಲಿ ಹಿಡಿದಿದ್ದೆ. ನಲವತ್ತು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ತಿರುಗಿ ನಾಲ್ಕು ಮಾತಾಡದೆ ಬಿಟ್ಟವನಲ್ಲ.

“ಹೌದ್ರಿ,” ಎಂದೆ. “ತಡ ಆಯ್ತು. ಅಜ್ಜನಷ್ಟು ಬರಲಿಲ್ಲ ನಂಗೆ.”